ಜಾಮೀನು ನಿಂತವನು

ಹ್ಯಾಂಪ್ಟನ್, ವರ್ಜೀನಿಯಾ
12 ಜನವರಿ 2014

ಅಕ್ಕಾ,

ನೀನು ಕಳಿಸಿದ ಸೇಬಿನ ಮುರಬ್ಬ ಒಡೆಯದೆ ತಲುಪಿತು. ಒಂದು ಬಾಟಲಿ ಆಗಲೇ ಮುಗಿದಿದೆ. ಇನ್ನೊಂದನ್ನು ಮಾರ್ವಾಳ ಕಣ್ಣಿಗೆ ಬೀಳದ ಹಾಗೆ ಫ್ರಿಜ್ಜಿನ ಹಿಂದೆ ಇಟ್ಟಿದ್ದೇನೆ.

ಒಂದು ಸಣ್ಣ ವಿಷಯ. ನೌಕಾಪಡೆಯ ಹಡಗುಗಳ ಒಳಗೆ ಹೋಗಿ ರಿಪೇರಿ ಮಾಡುವ ನಮ್ಮಂಥವರಿಗೆ ಸರ್ಕಾರದ ಭದ್ರತಾ ಅನುಮತಿ ಇರಬೇಕು, ಅದನ್ನು ಐದು ವರ್ಷಕ್ಕೊಮ್ಮೆ ಮತ್ತೆ ಪರಿಶೀಲಿಸುತ್ತಾರೆ. ಈಗ ನನ್ನ ಸರದಿ ಬಂದಿದೆ. ಯಾರಾದರೂ ನಿನ್ನ ಮನೆಗೂ ಬರಬಹುದು. ಕಳೆದ ಸಲ ಬಂದವನಿಗೆ ನೀನು ನಾನು ಹುಟ್ಟಿದ್ದರಿಂದ ಹಿಡಿದು ಶಾಲೆಯಲ್ಲಿ ಕಪ್ಪೆ ಬಿಟ್ಟದ್ದರ ತನಕ ಹೇಳಿ ಕಳಿಸಿದ್ದೆಯಂತೆ. ಈ ಸಲ ಅಷ್ಟೆಲ್ಲ ಬೇಡ. ಕೇಳಿದ್ದಕ್ಕೆ ಹೌದು, ಇಲ್ಲ ಅಂದರೆ ಸಾಕು.

ಲಾನಿ ಹೇಗಿದ್ದಾನೆ? ಕೆಲಸಕ್ಕೆ ಸರಿಯಾಗಿ ಹೋಗುತ್ತಿದ್ದಾನೆಯೇ?

ನಿನ್ನ ತಮ್ಮ
ಎಮೆಟ್


ಲಾರೆಲ್ ಫೋರ್ಕ್, ವೆಸ್ಟ್ ವರ್ಜೀನಿಯಾ
26 ಜನವರಿ 2014

ಎಮೆಟ್,

ಕಪ್ಪೆಯ ಕಥೆ ನಾನಾಗಿ ಹೇಳಿದ್ದಲ್ಲ. ಆ ಮನುಷ್ಯನೇ "ಚಿಕ್ಕಂದಿನಲ್ಲಿ ಏನಾದರೂ ತಕರಾರು ಇತ್ತಾ" ಅಂತ ಕೇಳಿದ. ಸುಳ್ಳು ಹೇಳಲೇನು? ತಾಯಿ ಸತ್ತ ಮೇಲೆ ನಿನ್ನನ್ನು ಸಾಕಿದವಳು ನಾನು, ನಿನ್ನ ತಕರಾರುಗಳನ್ನು ನನಗಿಂತ ಚೆನ್ನಾಗಿ ಬಲ್ಲವರು ಯಾರಿದ್ದಾರೆ?

ಇಲ್ಲಿ ಹಿಮ ಕಿಟಕಿಯ ಅರ್ಧಕ್ಕೆ ಬಂದಿದೆ. ಚರ್ಚಿನಲ್ಲಿ ಭಾನುವಾರದ ಊಟಕ್ಕೆ ಬೀನ್ಸ್ ಕಾಳು ಬೇಯಿಸುವ ಕೆಲಸ ನನಗೆ ಅಂಟಿಕೊಂಡಿದೆ. ಮೂವತ್ತು ವರ್ಷ ಶಾಲೆಯ ಬಸ್ಸು ಓಡಿಸಿದವಳಿಗೆ ಸುಮ್ಮನೆ ಕೂರುವುದು ಬರುವುದಿಲ್ಲ ಅಂತ ಎಲ್ಲರಿಗೂ ಗೊತ್ತಾಗಿಬಿಟ್ಟಿದೆ.

ಲಾನಿ ಚೆನ್ನಾಗಿದ್ದಾನೆ. ಮರದ ದಿಮ್ಮಿ ಸಾಗಿಸುವ ಲಾರಿಯನ್ನು ಎಲ್ಕಿನ್ಸ್‌ನವರಿಗೆ ಮಾರಿದ ಮೇಲೆ ದನದ ಮೇವಿನ ಅಂಗಡಿಯಲ್ಲಿ ಗಾಡಿ ಓಡಿಸುತ್ತಿದ್ದಾನೆ. ಲಾರಿಗೆ ಒಳ್ಳೆ ಬೆಲೆ ಬಂತಂತೆ, ಬ್ಯಾಂಕಿನದೆಲ್ಲ ತೀರಿಸಿದನಂತೆ. ನಶೆಯ ಗುಳಿಗೆಯ ಚಟ ಬಿಟ್ಟು ಇದು ಅವನ ನಾಲ್ಕನೇ ಚಳಿಗಾಲ. ಯಾರ ಮುಂದೆಯೂ ಕೈಚಾಚದೆ ಆ ಲಾರಿ ಕೊಂಡನಲ್ಲ, ನನ್ನ ಮಗ ಮನುಷ್ಯನಾದದ್ದು ಅವತ್ತೇ. ಅವನಪ್ಪ ಇದ್ದಿದ್ದರೆ ನೋಡಿ ಸಂತೋಷಪಡುತ್ತಿದ್ದ.

ಹೆಂಡತಿಗೆ ಕಾಣದ ಹಾಗೆ ಫ್ರಿಜ್ಜಿನ ಹಿಂದೆ ಇಟ್ಟ ಬಾಟಲಿಯನ್ನು ನಿಧಾನವಾಗಿ ತಿನ್ನು. ಅವಸರವೇನೂ ಇಲ್ಲ.

ವರ್ನಾ


ಹ್ಯಾಂಪ್ಟನ್
9 ಮಾರ್ಚ್ 2014

ಅಕ್ಕಾ,

ಬರೆಯುವುದು ತಡವಾಯಿತು. ಕೆಲಸದಲ್ಲಿ ಸ್ವಲ್ಪ ಬದಲಾವಣೆ. ಸದ್ಯಕ್ಕೆ ಹಡಗಿನ ಮೇಲೆ ಹೋಗುವುದಿಲ್ಲ, ಗೇಟಿನ ಹೊರಗಿನ ಗೋದಾಮಿನಲ್ಲಿ ಸಾಮಾನು ಕೊಡುವ ಕೆಲಸ. ಮೊಣಕಾಲಿಗೆ ಒಳ್ಳೆಯದೇ ಆಯಿತು, ಏಣಿ ಹತ್ತಿ ಇಳಿಯುವುದು ತಪ್ಪಿತು. ಹುಡುಗರು "ಏನ್ ಎಮೆಟ್, ಅಂಗಡಿ ಇಟ್ಕೊಂಡ್ಯಾ" ಅಂತ ರೇಗಿಸುತ್ತಾರೆ.

ಲಾರಿ ಒಳ್ಳೆ ಬೆಲೆಗೆ ಹೋಯಿತು ಅಂತ ಓದಿ ಸಂತೋಷವಾಯಿತು. ಲಾನಿಗೆ ಒಂದು ಸಲ ಫೋನ್ ಮಾಡಲು ಹೇಳು. ನಾನು ಮಾಡಿದರೆ ಎತ್ತುವುದಿಲ್ಲ. ಅವಸರವಿಲ್ಲ ಅನ್ನು, ಆದರೆ ಮಾಡಲಿ.

ಈಸ್ಟರ್‌ಗೆ ಬರಲಾಗುವುದಿಲ್ಲ. ಮಾರ್ವಾಳಿಗೂ ರಜೆ ಇಲ್ಲ.

ಎಮೆಟ್


ಲಾರೆಲ್ ಫೋರ್ಕ್
30 ಮಾರ್ಚ್ 2014

ಎಮೆಟ್,

ನೀನು ಹೇಳಿದ ಮನುಷ್ಯ ಬುಧವಾರ ಬಂದಿದ್ದ. ಬಾಗಿಲಲ್ಲಿ ಬೂಟಿನ ಕೆಸರು ಒರೆಸಿಕೊಂಡು ಒಳಗೆ ಬಂದ, ಅದೊಂದು ನನಗೆ ಹಿಡಿಸಿತು. "ನಿಮ್ಮ ತಮ್ಮ ಕುಡೀತಾರಾ?" ಅಂದ. "ನಮ್ಮ ಮನೇಲಿ ಎಲ್ಲರ ಪಾಲಿಂದೂ ನಮ್ಮಪ್ಪನೇ ಕುಡಿದು ಹೋಗಿದ್ದಾನೆ, ನಮಗೆ ಉಳಿಸಲಿಲ್ಲ" ಅಂದೆ. ನಗಲಿಲ್ಲ, ಬರೆದುಕೊಂಡ. ಆಮೇಲೆ ಇನ್ನೂ ಏನೇನೋ ಕೇಳಿದ. ನನಗೆ ತಿಳಿದದ್ದು ಹೇಳಿದೆ. ಒಂದು ತುಂಡು ಪೈ ತಿಂದು ಹೋದ.

ಕಾಡು ಈರುಳ್ಳಿ ಮೊಳೆಯಲು ಶುರುವಾಗಿದೆ. ನೀನು ಬಂದಿದ್ದರೆ ಆಲೂಗಡ್ಡೆ ಜೊತೆ ಹುರಿಯಬಹುದಿತ್ತು. ಒಬ್ಬಳಿಗೆ ಮಾಡಲು ಬೇಜಾರು. ಲಾನಿ ಈಗ ಊಟಕ್ಕೆ ಮನೆಗೆ ಬರುವುದು ಕಡಿಮೆ.

ನನ್ನ ಹತ್ತಿರ ಹೇಳಬೇಕಾದದ್ದು ಏನಾದರೂ ಇದ್ದರೆ ಬರೆ. ಎಷ್ಟು ಉದ್ದದ ಪತ್ರವಾದರೂ ಓದುತ್ತೇನೆ.

ವರ್ನಾ


ಹ್ಯಾಂಪ್ಟನ್
20 ಏಪ್ರಿಲ್ 2014, ಈಸ್ಟರ್ ಭಾನುವಾರ

ಅಕ್ಕಾ,

ನಿನ್ನ ಪತ್ರವನ್ನು ಮತ್ತೆ ಮತ್ತೆ ಓದಿದೆ. ನಿನಗೆ ವಿಷಯ ಹೇಗೋ ತಿಳಿದಿದೆ ಅನ್ನುವುದು ಗೊತ್ತಾಯಿತು. ಇನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ. ಹೇಳಿಬಿಡುತ್ತೇನೆ.

ಮಾರ್ವಾ ಕಳೆದ ಅಕ್ಟೋಬರಿನಲ್ಲೇ ಮನೆ ಬಿಟ್ಟಳು. ಜಗಳವೇನೂ ಆಗಲಿಲ್ಲ. "ನಿನ್ನ ಜೊತೆ ಇರೋದು ಬೀಗ ಹಾಕಿದ ಮನೆ ಮುಂದೆ ಕೂತ ಹಾಗಿದೆ" ಅಂದಳು, ತಂಗಿಯ ಮನೆಗೆ ಹೋದಳು. ನಿನಗೆ ಹೇಳದೆ ಇದ್ದದ್ದು ತಪ್ಪು. ನೀನು ನೊಂದುಕೊಳ್ಳುತ್ತೀಯ ಅಂತ ಸುಮ್ಮನಿದ್ದೆ.

ಈಗ ಮನಸ್ಸು ಹಗುರವಾಯಿತು.

ಎಮೆಟ್


ಲಾರೆಲ್ ಫೋರ್ಕ್
4 ಮೇ 2014

ಎಮೆಟ್,

ಮಾರ್ವಾ ಹೋದದ್ದು ನನಗೆ ನವೆಂಬರಿನಿಂದಲೇ ಗೊತ್ತು. ಥ್ಯಾಂಕ್ಸ್‌ಗಿವಿಂಗ್ ಹಬ್ಬದ ದಿನ ಅವಳೇ ಫೋನ್ ಮಾಡಿ ಒಂದು ಗಂಟೆ ಮಾತಾಡಿದಳು. ಈಗಲೂ ತಿಂಗಳಿಗೊಮ್ಮೆ ಮಾಡುತ್ತಾಳೆ. ಒಳ್ಳೆ ಹುಡುಗಿ. ನೀನಾಗಿ ಹೇಳುವ ತನಕ ನಾನು ಬಾಯಿ ಬಿಡುವುದು ಸರಿಯಲ್ಲ ಅಂತ ಇದ್ದೆ.

ಬೇರೆ ಏನೂ ಇಲ್ಲವೇ?

ವರ್ನಾ


ಹ್ಯಾಂಪ್ಟನ್
13 ಜುಲೈ 2014

ಅಕ್ಕಾ,

ಎರಡು ತಿಂಗಳು ಬರೆಯಲಿಲ್ಲ. ಬರೆಯಲು ಕೂತು ಎದ್ದದ್ದೇ ಹೆಚ್ಚು.

ನನ್ನ ಭದ್ರತಾ ಅನುಮತಿಯನ್ನು ತಡೆಹಿಡಿದಿದ್ದಾರೆ. ಗೋದಾಮಿಗೆ ಹಾಕಿದ್ದು ಅದಕ್ಕೇ, ಮೊಣಕಾಲಿಗಾಗಿ ಅಲ್ಲ. ಕಳೆದ ತಿಂಗಳು ಗೋದಾಮಿನ ಕೆಲಸವೂ ಹೋಯಿತು. ಸರ್ಕಾರದಿಂದ ಕಾರಣಗಳ ಕಾಗದ ಬಂದಿದೆ. ತೀರಿಸದ ಸಾಲ ಒಂದಿದೆ, ಹದಿನೆಂಟು ಸಾವಿರ ಡಾಲರ್. ಸಾಲದಲ್ಲಿ ಮುಳುಗಿದವನನ್ನು ಯಾರಾದರೂ ದುಡ್ಡು ಕೊಟ್ಟು ಕೊಂಡುಕೊಳ್ಳಬಹುದು, ಅವನ ಕೈಗೆ ದೇಶದ ಗುಟ್ಟು ಕೊಡಬಾರದು ಅನ್ನುವುದು ಅವರ ಲೆಕ್ಕ. ಆ ಸಾಲ ನಾನೇ ಮಾಡಿದ್ದು. ಒಂದು ಕಾಲಕ್ಕೆ ಕೈ ಬಿಗಿ ಇಲ್ಲದೆ ಖರ್ಚು ಮಾಡಿದೆ, ಬಡ್ಡಿ ಬೆಳೆಯಿತು. ಹೇಳಿಕೊಳ್ಳುವಂಥದ್ದು ಏನೂ ಇಲ್ಲ.

ಸೆಪ್ಟೆಂಬರ್ 17ಕ್ಕೆ ನಾರ್ಫಕ್‌ನಲ್ಲಿ ನ್ಯಾಯಾಧೀಶರ ಮುಂದೆ ವಿಚಾರಣೆ. ನನ್ನನ್ನು ಬಲ್ಲವರು ನನ್ನ ಬಗ್ಗೆ ಒಂದು ಕಾಗದ ಬರೆದುಕೊಟ್ಟರೆ ಅನುಕೂಲವಂತೆ. ನೀನು ನಾಲ್ಕು ಸಾಲು ಬರೆದು ಕಳಿಸುತ್ತೀಯಾ? ನಂಬಿಕಸ್ಥ, ಮಾತು ತಪ್ಪುವವನಲ್ಲ, ಇಷ್ಟಿದ್ದರೆ ಸಾಕು.

ಎಮೆಟ್


ಲಾರೆಲ್ ಫೋರ್ಕ್
20 ಜುಲೈ 2014

ಎಮೆಟ್,

ಅಂಥ ಕಾಗದ ನಾನು ಬರೆಯುವುದಿಲ್ಲ.

ನಾರ್ಫಕ್‌ನಲ್ಲಿ ಯಾವ ಕಟ್ಟಡ, ಎಷ್ಟು ಗಂಟೆಗೆ ಅನ್ನುವುದನ್ನು ತಿಳಿಸು. ಗಾಡಿ ನಿಲ್ಲಿಸಲು ಜಾಗ ಎಲ್ಲಿ ಸಿಗುತ್ತದೆ ಅನ್ನುವುದನ್ನೂ ಬರೆ.

ವರ್ನಾ


ಹ್ಯಾಂಪ್ಟನ್
21 ಸೆಪ್ಟೆಂಬರ್ 2014

ಅಕ್ಕಾ,

ಬುಧವಾರ ನೀನು ಹೊರಗೆ ಬಂದವಳೇ ನನ್ನ ಕೆನ್ನೆ ಸವರಿ, "ಕತ್ತಲಾಗೋದ್ರೊಳಗೆ ಬೆಟ್ಟ ಹತ್ತಬೇಕು" ಅಂತ ಗಾಡಿ ಹತ್ತಿ ಹೊರಟುಬಿಟ್ಟೆ. ನಾನು ಆ ಪಾರ್ಕಿಂಗ್ ಜಾಗದಲ್ಲಿ ಬಹಳ ಹೊತ್ತು ನಿಂತಿದ್ದೆ. ಆರು ಗಂಟೆಯ ದಾರಿ ಬಂದವಳಿಗೆ ಒಂದು ಕಪ್ ಕಾಫಿ ಕೊಡಿಸಲಿಲ್ಲ.

ಸಾಕ್ಷಿಗಳನ್ನು ಹೊರಗೆ ಕೂರಿಸಿದ್ದರಿಂದ ನೀನು ಬರುವ ಮೊದಲು ಒಳಗೆ ಏನಾಯಿತು ಅನ್ನುವುದು ನಿನಗೆ ತಿಳಿಯದು. ಅದನ್ನು ಹೇಳಬೇಕು.

ನ್ಯಾಯಾಧೀಶೆ ಕಟುವಾಗಿರಲಿಲ್ಲ. ಕನ್ನಡಕ ತೆಗೆದಿಟ್ಟು, ಸರದಿಯಲ್ಲಿ ಪಕ್ಕ ನಿಂತವರ ಹಾಗೆ ಮಾತಾಡಿದರು. "ಈ ಸಾಲ ಹೇಗಾಯ್ತು?" ಅಂದರು. ಅಲ್ಲಿ ಸತ್ಯ ಹೇಳುವುದಾಗಿ ಕೈ ಎತ್ತಿ ಕೂತಿದ್ದೆ. ಹೇಳಿದೆ. ಲಾರಿ ಕೊಳ್ಳುವಾಗ ಲಾನಿಗೆ ಬ್ಯಾಂಕು ಒಬ್ಬನೇ ಸಹಿ ಹಾಕಿದರೆ ಆಗದು ಅಂತು, ನಾನು ಜಾಮೀನು ನಿಂತೆ. ಎರಡು ವರ್ಷದ ಮೇಲೆ ಅವನು ಕಂತು ಕಟ್ಟುವುದು ಬಿಟ್ಟ. ಬ್ಯಾಂಕಿನವರು ಲಾರಿ ಎಳೆದುಕೊಂಡು ಹೋಗಿ ಸಿಕ್ಕಷ್ಟಕ್ಕೆ ಮಾರಿದರು, ಉಳಿದದ್ದು ನನ್ನ ತಲೆಗೆ ಬಂತು. ಆ ದಿನ ಲಾನಿ ಫೋನ್ ಮಾಡಿ ಅತ್ತ. "ಮಾವ, ಅಮ್ಮನಿಗೆ ಹೇಳಬೇಡ. ಅವಳು ನನ್ನನ್ನ ನಂಬೋಕೆ ಈಗಷ್ಟೇ ಶುರು ಮಾಡಿದಾಳೆ" ಅಂದ. ಕಂತಿನ ದುಡ್ಡು ಎಲ್ಲಿಗೆ ಹೋಯಿತು ಅಂತ ನಾನು ಕೇಳಲಿಲ್ಲ. ದನಿಯಲ್ಲೇ ಗೊತ್ತಾಗುತ್ತಿತ್ತು.

ನ್ಯಾಯಾಧೀಶೆ ಎಲ್ಲ ಕೇಳಿ ಹೇಳಿದರು, "ಜಾಮೀನು ನಿಂತು ಕೆಟ್ಟವರನ್ನ ನಾನು ಬಹಳ ನೋಡಿದೀನಿ. ಅದರಿಂದ ಗುಣ ಕೆಟ್ಟದ್ದು ಅಂತ ಆಗಲ್ಲ. ತಿಂಗಳಿಗೆ ಇಷ್ಟು ಅಂತ ಕಟ್ಟಿಕೊಂಡು ಬಂದಿದ್ದರೆ ನಾವಿಬ್ಬರೂ ಇವತ್ತು ಇಲ್ಲಿ ಕೂರ್ತಿರಲಿಲ್ಲ. ನೀವು ಬ್ಯಾಂಕಿನಿಂದ ಬಂದ ಕಾಗದಗಳನ್ನೇ ಒಡೀಲಿಲ್ಲ. ಅರ್ಜಿಯಲ್ಲಿ, ಬೇರೆಯವರ ಸಾಲಕ್ಕೆ ಸಹಿ ಹಾಕಿ ಅದು ಬಾಕಿ ನಿಂತಿದೆಯಾ ಅಂತ ಕೇಳಿದ್ದಕ್ಕೆ ಇಲ್ಲ ಅಂತ ಬರೆದಿದ್ದೀರಿ. ಯಾಕೆ?"

"ಹೌದು ಅಂತ ಬರೆದರೆ ವಿಚಾರಿಸೋಕೆ ಅಕ್ಕನ ಮನೆಗೆ ಹೋಗ್ತೀರಿ ಅಂತ" ಅಂದೆ.

ಆಗ ಅವರು ಕೇಳಿದ್ದು ನನಗೆ ಅಕ್ಷರ ಅಕ್ಷರ ನೆನಪಿದೆ. "ಮಿಸ್ಟರ್ ಟಾಲಿವರ್, ಅಕ್ಕನಿಗೆ ತಿಳೀಬಾರದು ಅಂತ ಕೆಲಸಾನೇ ಪಣಕ್ಕಿಟ್ಟಿದ್ದೀರಿ. ಯಾರಾದರೂ ಬಂದು, ಹಡಗಿನ ಒಳಗಿನ ಒಂದು ಸಣ್ಣ ವಿಷಯ ಹೇಳು, ಹೇಳದೆ ಇದ್ದರೆ ನಿಮ್ಮಕ್ಕನಿಗೆ ಎಲ್ಲ ತಿಳಿಸ್ತೀವಿ ಅಂದಿದ್ದರೆ ಏನು ಮಾಡ್ತಿದ್ದಿರಿ?"

ಹೇಳುತ್ತಿರಲಿಲ್ಲ ಅನ್ನಬೇಕಾಗಿತ್ತು. ಎಲ್ಲರೂ ಹಾಗೇ ಅನ್ನುತ್ತಾರೆ. ಬಾಯಿ ತೆರೆದೆ. ನೀನು ಅಡಿಗೆಮನೆಯಲ್ಲಿ ನಿಂತು, ಲಾನಿ ಮತ್ತೆ ಗುಳಿಗೆಗೆ ಬಿದ್ದ ಅನ್ನುವುದನ್ನು ಯಾರೋ ಅಪರಿಚಿತನ ಬಾಯಲ್ಲಿ ಕೇಳುತ್ತಿರುವ ಹಾಗೆ ಕಣ್ಣಿಗೆ ಕಟ್ಟಿತು.

"ಗೊತ್ತಿಲ್ಲ ಮೇಡಂ" ಅಂದೆ.

ಸರ್ಕಾರದ ಕಡೆಯ ವಕೀಲ ಬರೆಯುತ್ತಿದ್ದವನು ಪೆನ್ನು ಕೆಳಗಿಟ್ಟ. ಆಮೇಲೆ ನಿನ್ನನ್ನು ಕರೆದರು.

ಜುಲೈನಲ್ಲಿ ನಾನೇ ಖರ್ಚು ಮಾಡಿದೆ ಅಂತ ನಿನಗೆ ಬರೆದದ್ದು ಸುಳ್ಳು. ನಿನಗೆ ಅದು ಆಗಲೇ ಗೊತ್ತಿತ್ತು ಅನ್ನುವುದು ನೀನು ಸಾಕ್ಷಿ ಹೇಳುವಾಗ ತಿಳಿಯಿತು. ಯಾವಾಗಿನಿಂದ ಗೊತ್ತಿತ್ತು ಅಕ್ಕಾ?

ಎಮೆಟ್


ಲಾರೆಲ್ ಫೋರ್ಕ್
5 ಅಕ್ಟೋಬರ್ 2014

ಎಮೆಟ್,

ಮಾರ್ಚಿನಿಂದ.

ಆ ಪೈ ತಿಂದ ಹುಡುಗ ಕೊನೆಯಲ್ಲಿ ಕೇಳಿದ, "ನಿಮ್ಮ ತಮ್ಮ ಯಾರಿಗಾದರೂ ಗಾಡಿ ಕೊಳ್ಳೋಕೆ ಜಾಮೀನು ನಿಂತಿದ್ದು ಗೊತ್ತಾ ನಿಮಗೆ?" ನಾನು ನಕ್ಕುಬಿಟ್ಟೆ. "ನನಗೆ ಹೇಳದೆ ಅವನು ಒಂದು ಕುರ್ಚಿ ಕೊಳ್ಳೋನಲ್ಲ" ಅಂದೆ. ಯಾವ ಗಾಡಿ ಅಂತ ಕೇಳಿದೆ. "ಅದನ್ನ ನಾನು ಹೇಳೋ ಹಾಗಿಲ್ಲ ಮೇಡಂ" ಅಂತ ಪುಸ್ತಕ ಮುಚ್ಚಿದ. ಅವನ ಕಾರು ಸೇತುವೆ ದಾಟುವಷ್ಟರಲ್ಲಿ ನನಗೆ ತಿಳಿದುಹೋಯಿತು. ನಮ್ಮ ಕುಟುಂಬದಲ್ಲಿ ಬ್ಯಾಂಕಿನವರು ಕಣ್ಣೆತ್ತಿ ನೋಡುವಂಥ ಗಾಡಿ ಕೊಂಡವನು ಒಬ್ಬನೇ.

ಲಾನಿ ಬಂದ ಮೇಲೆ ತಟ್ಟೆ ಇಟ್ಟು, ಎದುರು ಕೂತು ಕೇಳಿದೆ. ಮೊದಲು ಬೈದ, ಆಮೇಲೆ ಅತ್ತ, ಆಮೇಲೆ ಎಲ್ಲ ಹೇಳಿದ. ಎಲ್ಕಿನ್ಸ್‌ನಲ್ಲಿ ಯಾರೂ ಲಾರಿ ಕೊಂಡಿರಲಿಲ್ಲ. ನಾಲ್ಕು ಚಳಿಗಾಲ ಅಂತ ನಾನು ಊರಿಗೆಲ್ಲ ಹೇಳಿಕೊಂಡು ಬಂದದ್ದರಲ್ಲಿ ಸರಿಯಾದದ್ದು ಎರಡೇ.

ನಿನಗೆ ಅವತ್ತೇ ಬರೆಯಬಹುದಿತ್ತು. ಬರೆಯಲಿಲ್ಲ. ನೀನಾಗಿ ಹೇಳಲಿ ಅಂತ ಕಾದೆ. ನೀನು ಮಾರ್ವಾಳ ವಿಷಯ ಹೇಳಿ ಹಗುರಾದೆ. ಜುಲೈನಲ್ಲಿ ನನ್ನ ಮಗನ ಪಾಪವನ್ನೂ ನಿನ್ನ ಹೆಸರಿಗೆ ಬರೆದುಕೊಂಡೆ. ಆ ಕಾಗದ ಓದಿ ನಾನು ಅಳಲಿಲ್ಲ, ಸಿಟ್ಟು ಬಂತು. ನನ್ನನ್ನು ಏನೆಂದುಕೊಂಡಿದ್ದೀಯ? ಗಂಡನನ್ನು ಮರ ಬಿದ್ದು ಕಳೆದುಕೊಂಡೆ, ಅಪ್ಪನ ವಾಂತಿ ಒರೆಸಿದೆ, ಮಗನನ್ನು ಬಚ್ಚಲಿನ ನೆಲದಿಂದ ಎತ್ತಿದೆ. ಇಷ್ಟೆಲ್ಲ ಹೊತ್ತವಳು ಒಂದು ಲಾರಿಯ ಸುದ್ದಿಗೆ ಸಾಯುತ್ತೇನೆಯೇ?

ಇನ್ನೊಂದು. ವಿಚಾರಣೆಯ ಬುಧವಾರ ನಾನು ಒಬ್ಬಳೇ ಹೊರಟಿರಲಿಲ್ಲ. ಲಾನಿಯೂ ಜೊತೆಗಿದ್ದ. ನ್ಯಾಯಾಧೀಶರ ಮುಂದೆ ಬಂದು ಹೇಳು, ಮಾವನ ಸಾಲವಲ್ಲ ಅದು, ನಿನ್ನದು ಅಂತ ಹೇಳು ಅಂದಿದ್ದೆ. ಒಪ್ಪಿದ್ದ. ಬಿಳಿ ಶರಟು ಇಸ್ತ್ರಿ ಮಾಡಿಕೊಟ್ಟೆ. ಸ್ಟಾಂಟನ್‌ನಲ್ಲಿ ಪೆಟ್ರೋಲ್ ಹಾಕಿಸಲು ನಿಲ್ಲಿಸಿದೆ. "ಮುಖ ತೊಳ್ಕೊಂಡು ಬರ್ತೀನಮ್ಮ" ಅಂತ ಹೋದ. ಬರಲಿಲ್ಲ. ಕಾದೆ, ಒಳಗೆಲ್ಲ ಹುಡುಕಿದೆ. ಅಂಗಡಿಯ ಹುಡುಗಿ, "ಬಿಳಿ ಶರಟಿನವರಾ? ಯಾರದೋ ಪಿಕಪ್ ಹತ್ತಿ ಹೋದ್ರಲ್ಲ" ಅಂದಳು. ಇನ್ನೂ ಕಾದಿದ್ದರೆ ನಿನ್ನ ವಿಚಾರಣೆ ತಪ್ಪುತ್ತಿತ್ತು. ಹೊರಟು ಬಂದೆ. ಪಾರ್ಕಿಂಗ್ ಜಾಗದಲ್ಲಿ ನಿಲ್ಲದೆ ಓಡಿದ್ದು ಬೆಟ್ಟಕ್ಕೆ ಹೆದರಿ ಅಲ್ಲ, ಸ್ಟಾಂಟನ್‌ನಲ್ಲಿ ಅವನು ಮತ್ತೆ ಬಂದು ನಿಂತಿರಬಹುದು ಅಂತ. ನಿಂತಿರಲಿಲ್ಲ. ಇವತ್ತಿಗೂ ಸುಳಿವಿಲ್ಲ. ನಿನಗೆ ಇದನ್ನೂ ಹೇಳಬಾರದು ಅಂತಲೇ ಇದ್ದೆ. ನೋಡು, ನಾವಿಬ್ಬರೂ ಒಂದೇ ತಾಯಿಯ ಮಕ್ಕಳು.

ಈಗ ನಾನು ಕೇಳುತ್ತೇನೆ. ಆ ನ್ಯಾಯಾಧೀಶೆ ನನ್ನನ್ನು, "ನಿಮ್ಮ ತಮ್ಮ ನಿಮಗೆ ಯಾವಾಗ ಹೇಳಿದರು?" ಅಂತ ಕೇಳಿದಳಲ್ಲ. ನಾನು ಎದೆ ಉಬ್ಬಿಸಿ, "ಅವನು ಇವತ್ತಿಗೂ ಹೇಳಿಲ್ಲ, ಜುಲೈನಲ್ಲಿ ಕೂಡ ನಾನೇ ಖರ್ಚು ಮಾಡಿದೆ ಅಂತ ಬರೆದ, ಅಂಥವನು ನನ್ನ ತಮ್ಮ" ಅಂದೆ. ನಿನ್ನ ಒಳ್ಳೆಯತನ ತೋರಿಸಲು ಹೇಳಿದ ಮಾತು. ಆಮೇಲೆ, "ಈಗ ನನಗೆ ಎಲ್ಲ ಗೊತ್ತಲ್ಲ, ಇನ್ನು ಅವನನ್ನ ಯಾರು ಏನು ಹೇಳಿ ಹೆದರಿಸ್ತಾರೆ" ಅಂತಲೂ ಅಂದೆ. ಆದರೆ ಅವಳು ಬರೆದುಕೊಂಡದ್ದು ಮೊದಲನೆಯದನ್ನು. ಗಾಡಿ ಓಡಿಸುವಾಗ ಅದೇ ತಲೆಯಲ್ಲಿ ಸುತ್ತುತ್ತಿತ್ತು. ನನ್ನ ಮಾತಿನಿಂದ ನಿನಗೆ ಕೆಟ್ಟದಾಯಿತೇ? ತೀರ್ಪು ಬಂದಾಗ ನನಗೆ ಹೇಳಬೇಕು.

ವರ್ನಾ


ಲಾರೆಲ್ ಫೋರ್ಕ್
24 ನವೆಂಬರ್ 2014

ಎಮೆಟ್,

ಎರಡೇ ಸಾಲು, ಅಂಚೆಯ ಗಾಡಿ ಬರುವ ಹೊತ್ತಾಯಿತು. ಲಾನಿ ರೋನೋಕ್‌ನಿಂದ ಫೋನ್ ಮಾಡಿದ್ದ. ಮೋಟೆಲ್ ಒಂದರಲ್ಲಿ ಕೋಣೆ ಗುಡಿಸುತ್ತಾನಂತೆ. ಚಟ ಬಿಟ್ಟೆ ಅನ್ನಲಿಲ್ಲ, ನಾನೂ ಕೇಳಲಿಲ್ಲ. "ಮಾವ ಸಿಟ್ಟಾಗಿದಾನಾ?" ಅಂದ. "ಅವನನ್ನೇ ಕೇಳು" ಅಂದೆ. ಬದುಕಿದ್ದಾನೆ, ಸದ್ಯಕ್ಕೆ ಅಷ್ಟು ಸಾಕು.

ನಿನ್ನ ತೀರ್ಪು ಇನ್ನೂ ಬರಲಿಲ್ಲವೇ?

ವರ್ನಾ


ಹ್ಯಾಂಪ್ಟನ್
14 ಡಿಸೆಂಬರ್ 2014

ಅಕ್ಕಾ,

ತೀರ್ಪು ಸೋಮವಾರ ಬಂತು. ಅನುಮತಿ ಕೊಡುವುದಿಲ್ಲ ಅಂದಿದ್ದಾರೆ. ಒಂದು ವರ್ಷ ಕಳೆದ ಮೇಲೆ ಮತ್ತೆ ಅರ್ಜಿ ಹಾಕಬಹುದಂತೆ. ಹಾಕುವುದಿಲ್ಲ ಅನ್ನಿಸುತ್ತದೆ. ಈ ವಯಸ್ಸಿಗೆ ಮತ್ತೆ ಅಷ್ಟೆಲ್ಲ ಪ್ರಶ್ನೆಗಳಿಗೆ ಉತ್ತರ ಕೊಡುವ ತ್ರಾಣ ಇಲ್ಲ.

ನೀನು ಕೇಳಿದ್ದಕ್ಕೆ ಉತ್ತರ. ಹೌದು, ನಿನ್ನ ಮಾತು ಅದರಲ್ಲಿದೆ. ಸಾಲ ಕ್ಷಮಿಸುವಂಥದ್ದು, ಆದರೆ ವಿಚಾರಣೆಗೆ ಎರಡು ತಿಂಗಳು ಇರುವಾಗಲೂ ಈತ ಸ್ವಂತ ಅಕ್ಕನಿಗೆ ಸುಳ್ಳು ಬರೆದಿದ್ದಾನೆ, ಈ ಅಭ್ಯಾಸ ಹೋಗಿದೆ ಅಂತ ನಂಬುವುದು ಹೇಗೆ ಅಂತ ಬರೆದಿದ್ದಾರೆ. ಮೊದಲು ಇಲ್ಲ ಅಂತ ನಿನಗೆ ಒಂದು ಪತ್ರ ಬರೆದೆ. ನಿನ್ನ ಹೆಸರೇ ಅದರಲ್ಲಿಲ್ಲ, ನಿಶ್ಚಿಂತೆಯಿಂದ ಇರು ಅಂತ. ಲಕೋಟೆಗೆ ಹಾಕಿ ಅಂಟಿಸಿಯೂ ಆಗಿತ್ತು. ಆಮೇಲೆ ಹರಿದು ಹಾಕಿ ಇದನ್ನು ಬರೆಯುತ್ತಿದ್ದೇನೆ. ನೀನು ಹೇಳಿದ್ದು ನಿಜ. ನಿಜ ಹೇಳಿದ್ದಕ್ಕೆ ನಿನ್ನ ಮೇಲೆ ನನಗೆ ಸಿಟ್ಟಿಲ್ಲ. ಇದನ್ನು ಓದಿ ನಿನಗೆ ನೋವಾಗುತ್ತದೆ ಅಂತ ಗೊತ್ತು. ಆದರೂ ಬರೆದಿದ್ದೇನೆ.

ಲಾನಿ ಇನ್ನೂ ಫೋನ್ ಮಾಡಿಲ್ಲ. ಮಾಡಿದರೆ ಎತ್ತುತ್ತೇನೆ. ಬ್ಯಾಂಕಿನವರ ಜೊತೆ ಮಾತಾಡಿ ತಿಂಗಳಿಗೆ ಇಷ್ಟು ಅಂತ ಗೊತ್ತುಮಾಡಿಕೊಂಡೆ. ಮೊದಲ ಕಂತು ಕಟ್ಟಿ ಬಂದ ದಿನ ಮಾರ್ವಾ ಕೂಡ ಸಿಕ್ಕಿದ್ದಳು. ಕಾಫಿ ಕುಡಿದೆವು. ಎಲ್ಲ ಹೇಳಿದೆ. "ನನಗೆ ಆಗಲೇ ಹೇಳಿದ್ದರೆ" ಅಂದಳು, ಚೀಲ ತಗೊಂಡು ಎದ್ದಳು. ಅವಳು ವಾಪಸು ಬರುತ್ತಾಳೆ ಅಂತ ಆಸೆ ಇಟ್ಟುಕೊಳ್ಳಬೇಡ.

ನನಗೆ ಕೆಲಸ ಸಿಕ್ಕಿದೆ. ಪೊಕೊಸನ್ ಕಡೆ ಏಡಿ ಹಿಡಿಯುವವರ ದೋಣಿಗಳನ್ನು ಮೇಲೆಳೆದು ಸರಿಮಾಡುವ ಸಣ್ಣ ಜಾಗ. ಸಂಬಳ ಮೊದಲಿನ ಅರ್ಧ. ಅಲ್ಲಿ ಯಾವ ಅನುಮತಿಯೂ ಬೇಡ. ಹಡಗುಗಳಲ್ಲಿ ಕೆಲಸ ಮಾಡಿದ ಹತ್ತೊಂಬತ್ತು ವರ್ಷವೂ ದಿನವಿಡೀ ಏನು ಮಾಡಿದೆ ಅಂತ ನಾನು ಯಾರಿಗೂ ಹೇಳುವ ಹಾಗಿರಲಿಲ್ಲ. ನಿನಗೂ ಇಲ್ಲ, ಮಾರ್ವಾಳಿಗೂ ಇಲ್ಲ. ಹೇಳದೆ ಇರುವುದು ಕೆಲಸದ ಒಂದು ಭಾಗವೇ ಆಗಿ, ಕೊನೆಗೆ ಮನೆಗೂ ಅದೇ ಬಂತು ಅನ್ನಿಸುತ್ತದೆ. ಈಗ ಹೇಳಬಹುದು. ಕೇಳು.

ಇವತ್ತು ಬೆಳಗ್ಗೆ ಒಂದು ದೋಣಿಯ ಅಡಿಗೆ ಅಂಟಿಕೊಂಡ ಚಿಪ್ಪುಗಳನ್ನು ಕೆರೆದೆ. ಬೆನ್ನ ಮೇಲೆ ಮಲಗಿ ಕೆರೆಯಬೇಕು, ಕಣ್ಣಿಗೆಲ್ಲ ಬೀಳುತ್ತದೆ. ಮಧ್ಯಾಹ್ನ ಬಿಸಿಲು ಬಂದ ಮೇಲೆ ಪಕ್ಕಗಳಿಗೆ ಬಿಳಿ ಬಣ್ಣ ಹಚ್ಚಿದೆ. ಹಿಂಭಾಗದಲ್ಲಿ ದೋಣಿಯ ಹೆಸರು ಬರೆದಿತ್ತು, ಅದರಲ್ಲಿ ಒಂದು ಅಕ್ಷರ ತಪ್ಪು. ಯಜಮಾನ ಮುದುಕನನ್ನು ಕರೆದು, "ಸರಿ ಮಾಡಿ ಬರೀಲಾ?" ಅಂದೆ. ಅವನು ಬಗ್ಗಿ ನೋಡಿ, "ನನ್ನ ಹೆಂಡತಿ ಬರೆದದ್ದು, ಹಾಗೇ ಬಿಡು" ಅಂದ. ಅಕ್ಷರಗಳಿಗೆ ಬಣ್ಣ ತಾಗದ ಹಾಗೆ ಸಣ್ಣ ಕುಂಚ ತಗೊಂಡು ಸುತ್ತ ಹಚ್ಚಿದೆ. ಅದೊಂದಕ್ಕೇ ಒಂದು ಗಂಟೆ ಹಿಡಿಯಿತು. ನಾಳೆ ಇನ್ನೊಂದು ಬದಿ.

ಎಮೆಟ್